ಚಾನ್ ಚಾನ್ ಇನ್ನೂ ಅಪಾಯದ ಪಟ್ಟಿಯಲ್ಲೇ ಏಕಿದೆ? ಮಣ್ಣಿನ ನಗರವನ್ನು ಉಳಿಸುವ ಕೆಲಸ ಹೇಗೆ ನಡೆಯುತ್ತದೆ?

ಕೋಟೆಕೊತ್ತಲ ಕೇಳಿದ್ದು:

ಪೆರು ದೇಶದ ಉತ್ತರ ಕರಾವಳಿಯಲ್ಲಿ, ಟ್ರುಹಿಯೊ ನಗರಕ್ಕೆ ಅಂಟಿಕೊಂಡಂತೆ ಇರುವ ಚಾನ್ ಚಾನ್ ಬಗ್ಗೆ ಕೇಳುತ್ತಿದ್ದೇನೆ. ನಮ್ಮ ಹಂಪಿ, ಆ ಚಾನ್ ಚಾನ್ ಎರಡೂ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1986ರಲ್ಲಿ. ಹಂಪಿ ಸೇತುವೆಗಳ ಕಾರಣಕ್ಕೆ 1999ರಲ್ಲಿ ಅಪಾಯದ ಪಟ್ಟಿಗೆ, ಅಂದರೆ ಹಾಳಾಗುವ ಭೀತಿಯಿರುವ ಪರಂಪರೆ ತಾಣಗಳ ಪಟ್ಟಿಗೆ ಹೋಗಿ 2006ರಲ್ಲಿ ಹೊರಗೆ ಬಂತು. ಚಾನ್ ಚಾನ್ ಮಾತ್ರ ಸೇರಿದ ವರ್ಷವೇ ಅಪಾಯದ ಪಟ್ಟಿಗೂ ಸೇರಿತು, ಇವತ್ತಿಗೂ ಅಲ್ಲೇ ಇದೆ.

ನನ್ನ ಪ್ರಶ್ನೆಗಳು ಇವು. ಆಂಡೀಸ್ ಎಂದರೆ ಎಲ್ಲರೂ ಮಾಚು ಪಿಚು ಅನ್ನುತ್ತಾರೆ, ಅದರ ಮುಂದೆ ಚಾನ್ ಚಾನ್‌ನ ಹೆಚ್ಚುಗಾರಿಕೆ ಏನು? ಅದು ಮಳೆಯೇ ಇಲ್ಲದ ಮರಳುಗಾಡು, ಹಾಗಿದ್ದರೆ ಮಣ್ಣಿನ ಗೋಡೆ ಹಾಳಾಗುವುದು ಯಾತರಿಂದ? ಪೆಸಿಫಿಕ್ ಕಡಲು ಬಿಸಿಯೇರಿದ ವರ್ಷಗಳಲ್ಲಿ ಅಲ್ಲಿ ಸುರಿಯುವ ಎಲ್ ನಿನ್ಯೊ ಮಳೆ ಒಂದೇ ಕಾರಣವೇ? ಮೇಲೊಂದು ಚಾವಣಿ ಹಾಕಿ ಬುಡಕ್ಕೆ ಸಿಮೆಂಟ್ ಗಿಲಾವು ಮಾಡಿದರೆ ಸಾಲದೇ? ಕೆಲಸದ ವಿವರ ಗೊತ್ತಿರುವವರು ಬಿಡಿಸಿ ಹೇಳಿ.

---

ಆಂಡೀಸ್ ಓದುಗ:

ಮೊದಲ ಪ್ರಶ್ನೆ ನಾನು ತೆಗೆದುಕೊಳ್ಳುತ್ತೇನೆ. ಉಪ್ಪು, ತೇವದ ವಿಚಾರವನ್ನು ಅದನ್ನು ಬಲ್ಲವರು ಬರೆಯಲಿ.

ಮಾಚು ಪಿಚು 15ನೇ ಶತಮಾನದ ಇಂಕಾ ಅರಸು ಮನೆತನದ ಬೆಟ್ಟದ ಬಿಡಾರ. ಚಾನ್ ಚಾನ್ ಒಂದು ರಾಜ್ಯದ ರಾಜಧಾನಿ. ಸುಮಾರು ಕ್ರಿ.ಶ. 900ರಿಂದ 1470ರವರೆಗೆ ಚಿಮೂ ಅರಸರು ಇಲ್ಲಿಂದ ಆಳಿದರು. ಅವರ ಚಿಮೋರ್ ರಾಜ್ಯ ಕಡಲ ಅಂಚಿನುದ್ದಕ್ಕೂ ಸಾವಿರ ಕಿಲೋಮೀಟರಿನಷ್ಟು ಚಾಚಿತ್ತು. ನಗರ ಹಬ್ಬಿದ್ದು 20 ಚದರ ಕಿ.ಮೀ.ಗೆ, ಅದರಲ್ಲಿ ದಟ್ಟವಾದ ನಡುಭಾಗವೇ 6 ಚದರ ಕಿ.ಮೀ. ಯೂರೋಪಿನವರು ಬರುವ ಮುಂಚಿನ ಅಮೆರಿಕ ಖಂಡಗಳಲ್ಲಿ ಇಷ್ಟು ದೊಡ್ಡ ಮಣ್ಣಿನ ನಗರ ಮತ್ತೊಂದಿಲ್ಲ.

ಅದರ ಜೀವಾಳ ಎತ್ತರದ ಪಾಗಾರ ಸುತ್ತಿದ ಅರಮನೆ ಆವರಣಗಳು. ಲೆಕ್ಕ ಹಾಕುವ ರೀತಿಯಂತೆ ಒಂಬತ್ತು ಅಥವಾ ಹತ್ತು. ಕೆಲವು ಕಡೆ ಪಾಗಾರ 9 ಮೀಟರ್ ಎತ್ತರ. ಬಹುತೇಕ ಆವರಣಗಳಿಗೆ ಉತ್ತರ ದಿಕ್ಕಿನಲ್ಲಿ ಒಂದೇ ಬಾಗಿಲು. ಒಳಗೆ ವಿಶಾಲ ಅಂಗಳ, ಇಂಗ್ಲಿಷಿನ ಯು ಅಕ್ಷರದ ಆಕಾರದ ಚಿಕ್ಕ ಕೋಣೆಗಳು, ಅವುಗಳ ಹಿಂದೆ ಸಾಲುಸಾಲು ಕಣಜ, ನೆಲ ಬಗೆದು ಇಳಿಜಾರು ಮಾಡಿದ ನಡೆಬಾವಿ, ಕೊನೆಯಲ್ಲಿ ಅರಸನ ಸಮಾಧಿ ಕಟ್ಟೆ. ಒಬ್ಬ ಅರಸ ಸತ್ತರೆ ಅವನ ಅರಮನೆ ಅವನಿಗೇ ಮೀಸಲು, ಮುಂದಿನವನು ತನ್ನದನ್ನು ಹೊಸದಾಗಿ ಕಟ್ಟಿಸಿಕೊಳ್ಳಬೇಕು ಎಂಬುದು ಬಹಳ ವಿದ್ವಾಂಸರು ಒಪ್ಪುವ ವಿವರಣೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಆ ಕೋಣೆ ಮತ್ತು ಕಣಜಗಳ ಜೋಡಣೆ ನೋಡಿದರೆ ರಾಜ್ಯದ ಸರಕು ಎಲ್ಲಿ ಬಂತು, ಯಾರ ಕಣ್ಣೆದುರು ಹಾದುಹೋಯಿತು, ಎಲ್ಲಿ ಶೇಖರವಾಯಿತು ಎಂದು ಊಹಿಸಬಹುದು. ಬರಹವಿಲ್ಲದ ರಾಜ್ಯವೊಂದರ ಆಡಳಿತವನ್ನು ನಾವು ತಿಳಿಯಬೇಕಾದರೆ ಈ ಗೋಡೆಗಳೇ ದಫ್ತರ. ಗೋಡೆ ಕರಗಿದರೆ ಆ ತಿಳಿವೂ ಹೋಯಿತು. ನನ್ನ ಪ್ರಕಾರ ಚಾನ್ ಚಾನ್‌ನ ಅತಿ ದೊಡ್ಡ ಬೆಲೆ ಇದೇ, ಗೋಡೆಗಳ ಮೈಮೇಲಿನ ಮಣ್ಣಿನ ಉಬ್ಬುಚಿತ್ತಾರಗಳದ್ದು ಆಮೇಲೆ.

ಅರಮನೆಗಳ ನಡುವಿನ ಜಾಗದಲ್ಲಿ ನೇಯ್ಗೆಯವರು, ಲೋಹದ ಕೆಲಸದವರು, ಮರಗೆಲಸದವರು ಒತ್ತೊತ್ತಾಗಿ ತಟ್ಟಿಗೋಡೆಯ ಮನೆಗಳಲ್ಲಿ ಇದ್ದರು. 1470ರ ಸುಮಾರಿಗೆ ಇಂಕಾ ಪಡೆ ಗೆದ್ದಾಗ ಇಲ್ಲಿನ ಅಕ್ಕಸಾಲಿಗರನ್ನು ತನ್ನ ರಾಜಧಾನಿ ಕುಸ್ಕೊಗೆ ಒಯ್ದಿತು. ಆಮೇಲೆ ಬಂದ ಸ್ಪೇನಿನವರು ಸಮಾಧಿ ಕಟ್ಟೆಗಳನ್ನು ಗಣಿಯೆಂದೇ ಲೆಕ್ಕ ಹಿಡಿದು ಅಗೆದರು. ಸಿಕ್ಕ ಚಿನ್ನದಲ್ಲಿ ಐದರಲ್ಲೊಂದು ಪಾಲು ದೊರೆಗೆ. ಇವತ್ತು ಕಟ್ಟೆಗಳ ನಡುವೆ ಕಾಣುವ ದೊಡ್ಡ ಹೊಂಡಗಳಲ್ಲಿ ಬಹಳಷ್ಟು ಆ ಕಾಲದಿಂದ ನಡೆದ ಅಗೆತದವು.

ಎಲ್ಲವೂ ಹೋಗಿಲ್ಲ. 2018ರಲ್ಲಿ ಉಟ್ಸ್ ಆನ್ ಆವರಣದಲ್ಲಿ ಓಣಿಯೊಂದರ ಮಣ್ಣು ತೆಗೆದಾಗ ಗೋಡೆಯ ಗೂಡುಗಳಲ್ಲಿ ಇಪ್ಪತ್ತರಷ್ಟು ಮರದ ವಿಗ್ರಹಗಳು ಸಾಲಾಗಿ ನಿಂತಿದ್ದವು. ಒಂದೊಂದೂ 70 ಸೆಂ.ಮೀ. ಎತ್ತರ, ಮುಖಕ್ಕೆ ಮಣ್ಣಿನ ಮುಖವಾಡ. ಹತ್ತೊಂಬತ್ತು ಚೆನ್ನಾಗಿಯೇ ಇದ್ದವು, ಏಕೆಂದರೆ ಅವು ಹೂತಿದ್ದವು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

---

ಮಣ್ಣುಗೋಡೆ:

ಮಳೆಯೊಂದೇ ಕಾರಣವಲ್ಲ, ದಿನದಿನದ ಕಾರಣವಂತೂ ಅದಲ್ಲವೇ ಅಲ್ಲ. ಚಾನ್ ಚಾನ್ ಬುಡದಿಂದ ಸಾಯುತ್ತಿದೆ.

ಯಾವುದಾದರೂ ಹಳೆ ಗೋಡೆಯ ಬುಡವನ್ನು ಹತ್ತಿರದಿಂದ ನೋಡಿ. ಅಡಿಯಲ್ಲಿ ನದಿಗಲ್ಲಿನ ಪಾಯ, ಅದರ ಮೇಲೆ ಹಸಿ ಇಟ್ಟಿಗೆ. ಗೋಡೆ ಕೆಳಗೆ ದಪ್ಪ, ಮೇಲೆ ಹೋದಂತೆ ಸಣ್ಣ. ನೆಲದಿಂದ ಮೊಣಕಾಲಿನವರೆಗೆ ಬಿಳಿ ಪುಡಿ ಕಟ್ಟಿರುತ್ತದೆ. ಬೆರಳಾಡಿಸಿದರೆ ಇಟ್ಟಿಗೆಯ ಮೈ ಹಿಟ್ಟಾಗಿ ಉದುರುತ್ತದೆ. ಅದರ ಮೇಲಿನ ಭಾಗ ಗಟ್ಟಿ. ಹೀಗೆ ಬುಡ ಮಾತ್ರ ಒಳಕ್ಕೆ ತಿಂದುಹೋಗಿ ಪೊಟರೆಯಾಗುತ್ತದೆ, ಮೇಲಿನ ಭಾರ ಹೊರಚಾಚುತ್ತದೆ, ಒಂದು ದಿನ ಭೂಕಂಪದ ಸಣ್ಣ ಅಲುಗಾಟಕ್ಕೆ ಇಡೀ ಭಾಗ ಮುಂದಕ್ಕೆ ಮಗುಚಿಕೊಳ್ಳುತ್ತದೆ.

ಕಾರಣ ಹೀಗಿದೆ. ಕಡಲು ಹತ್ತಿರ, ಅಂತರ್ಜಲ ಮೇಲೆ, ನೆಲದಲ್ಲಿ ಉಪ್ಪು ಧಾರಾಳ. ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಗೋಡೆಗೆ ಏರುತ್ತದೆ, ಮೈಯಿಂದ ಆವಿಯಾಗುತ್ತದೆ, ಉಪ್ಪು ಮೈಯ ಹಿಂದೆಯೇ ಹರಳುಗಟ್ಟಿ ಮಣ್ಣಿನ ಕಣಗಳನ್ನು ಸೀಳುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ 75 ದಾಟಿದರೆ ತಾನೇ ನೀರು ಕುಡಿದು ಕರಗುತ್ತದೆ, ಕೆಳಗಿಳಿದರೆ ಮತ್ತೆ ಹರಳಾಗುತ್ತದೆ. ಈ ಕರಾವಳಿಯಲ್ಲಿ ರಾತ್ರಿ ಮಂಜು, ಮಧ್ಯಾಹ್ನ ಒಣಗಾಳಿ. ಹಾಗಾಗಿ ಆ ಗೆರೆಯನ್ನು ತೇವಾಂಶ ಮತ್ತೆ ಮತ್ತೆ ದಾಟುತ್ತದೆ, ಹೊಸ ನೀರು ಏರದಿದ್ದರೂ ಒಳಗಿರುವ ಉಪ್ಪೇ ಕೆಲಸ ಮುಂದುವರಿಸುತ್ತದೆ. ಸಡಿಲವಾದ ಪುಡಿಯನ್ನು ಕಡಲಗಾಳಿ ಹೊತ್ತೊಯ್ದು ಕೆಳಗಿನ ಹೊಸ ಮೈಯನ್ನು ತೆರೆದಿಡುತ್ತದೆ.

ಅಂತರ್ಜಲ ಯಾಕೆ ಮೇಲಿದೆ ಅನ್ನುವುದಕ್ಕೂ ಉತ್ತರವಿದೆ. ಚಾವಿಮೋಚಿಕ್ ನೀರಾವರಿ ಯೋಜನೆ ಸಾಂತಾ ನದಿಯ ನೀರನ್ನು ಈ ಕಣಿವೆಗಳಿಗೆ ತಂದಿತು. ಹೊಲಗಳು ಹಸಿರಾದವು, ಬಸಿದ ನೀರು ಕಡಲ ಕಡೆಯ ತಗ್ಗಿಗೆ, ಅಂದರೆ ಚಾನ್ ಚಾನ್ ಕಡೆಗೆ ಸರಿಯಿತು. ನಿಕ್ ಆನ್ ಆವರಣದ ನಡೆಬಾವಿಯಲ್ಲಿ ಇಂದು ಜೊಂಡು ಬೆಳೆದು ನಿಂತಿದೆ. ನೋಡಲು ಚೆಂದ, ಆದರೆ ಆ ನೀರಿನ ಮಟ್ಟವೇ ಗೋಡೆಗಳಿಗೆ ಅಪಾಯದ ಅಳತೆಗೋಲು. ಅದಕ್ಕೇ ಬಸಿಗಾಲುವೆ ತೋಡಿ ನೀರಿನ ಮಟ್ಟ ಇಳಿಸುವುದು ಅಲ್ಲಿನ ಮುಖ್ಯ ಕೆಲಸಗಳಲ್ಲೊಂದು. ಹೊರಗಿನವರಿಗೆ ಅದು ಸಂರಕ್ಷಣೆಯಂತೆ ಕಾಣುವುದೇ ಇಲ್ಲ, ಚಿತ್ತಾರಕ್ಕೆ ಕುಂಚ ಹಿಡಿದವರ ಫೋಟೊ ಮಾತ್ರ ಪತ್ರಿಕೆಗೆ ಬರುತ್ತದೆ. ಬಸಿಗಾಲುವೆಯಲ್ಲಿ ಕಸ ತುಂಬಿದರೆ ಆ ಕುಂಚದ ಕೆಲಸವೂ ಉಳಿಯುವುದಿಲ್ಲ.

---

ಕೋಟೆಕೊತ್ತಲ:

ಇಬ್ಬರಿಗೂ ಧನ್ಯವಾದ. ಮಣ್ಣುಗೋಡೆ ಅವರೇ, ಹಾಗಾದರೆ ತಿಂದುಹೋದ ಬುಡವನ್ನು ತುಂಬುವುದು ಹೇಗೆ? ಸಿಮೆಂಟ್ ಬೇಡವೆಂದರೆ ಕಾರಣವೇನು? ದಯವಿಟ್ಟು ಮಣ್ಣಿನ ಹದ, ಅಳತೆ ಸಮೇತ ಹೇಳಿ.

---

ಮಣ್ಣುಗೋಡೆ:

ಸಿಮೆಂಟ್ ಹಾಕಿದರೆ ನೀರು ಬುಡದಲ್ಲಿ ಹೊರಬರಲು ದಾರಿ ಸಿಗದೆ ಇನ್ನೂ ಮೇಲಕ್ಕೆ ಏರುತ್ತದೆ. ಮೊಣಕಾಲಿನಲ್ಲಿದ್ದ ಉಪ್ಪಿನ ಗೆರೆ ಸೊಂಟಕ್ಕೆ ಬರುತ್ತದೆ. ಸಿಮೆಂಟೇ ಒಂದಿಷ್ಟು ಉಪ್ಪನ್ನು ತರುತ್ತದೆ. ಕೊನೆಗೆ ಗಿಲಾವು ಹಕ್ಕಳೆಯಾಗಿ ಬೀಳುವಾಗ ಹಿಂದಿನ ಮೂಲ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ.

ಸರಿಯಾದ ಕ್ರಮ ಇದು. ಬುಡದ ಸುತ್ತ ಬಿದ್ದ ಮಣ್ಣನ್ನು ಮೊದಲು ಜರಡಿ ಹಿಡಿದು ನೋಡಬೇಕು, ಅದರಲ್ಲಿ ಚಿತ್ತಾರದ ಚೂರು, ಮಡಕೆ ಚೂರು ಇರುತ್ತವೆ. ಗೋಡೆ ವಾಲಿದ್ದರೆ ಮರದ ಊರೆ ಕೊಡದೆ ಮುಟ್ಟಬಾರದು. ಉಪ್ಪಿನ ಪುಡಿಯನ್ನು ಮೆತ್ತನೆ ಕುಂಚದಿಂದ ಒಣಗಿದ್ದಾಗಲೇ ಗುಡಿಸಿ ಬಾಂಡಲಿಗೆ ತುಂಬಿ ಹೊರಗೆ ಸಾಗಿಸಬೇಕು. ಗೋಡೆಯ ಬುಡಕ್ಕೇ ಬಿಟ್ಟರೆ ಮುಂದಿನ ಮಂಜಿಗೆ ಅದೇ ಉಪ್ಪು ಮತ್ತೆ ಒಳಗೆ. ನೀರು ಹಾಕಿ ತೊಳೆಯುವಂತಿಲ್ಲ, ಇದು ಕಲ್ಲಲ್ಲ, ಕರಗುತ್ತದೆ.

ಪೊಟರೆಗೆ ಹಸಿ ಕೆಸರು ತುಂಬುವುದು ಎಲ್ಲರೂ ಮಾಡುವ ತಪ್ಪು. ಕೆಸರು ಒಣಗುತ್ತಾ ಕುಗ್ಗುತ್ತದೆ, ಹಳೆ ಗೋಡೆಗೂ ಹೊಸ ತುಂಬಿಗೂ ನಡುವೆ ಬೆರಳು ತೂರುವ ಬಿರುಕು ಬೀಳುತ್ತದೆ, ಭಾರ ಹೊರಬೇಕಾದ ತುಂಬು ಸುಮ್ಮನೆ ಪಕ್ಕದಲ್ಲಿ ನಿಂತಿರುತ್ತದೆ. ಅದರ ಬದಲು ಮೊದಲೇ ಹೊಯ್ದು ಪೂರ್ತಿ ಒಣಗಿಸಿದ ಇಟ್ಟಿಗೆ ಬೇಕು. ಪೆರುವಿನ ಮಣ್ಣು ಕಟ್ಟಡಗಳ ಹಳೆಯ ರಾಷ್ಟ್ರೀಯ ಮಾನದಂಡ ಹೇಳುವ ಹದ ಹೀಗಿದೆ: ಜೇಡಿ ಶೇ 10ರಿಂದ 20, ರೇವೆ (ಮರಳಿಗಿಂತ ನಯವಾದ, ಜೇಡಿಗಿಂತ ದಪ್ಪ ಕಣದ ಮಣ್ಣು) ಶೇ 15ರಿಂದ 25, ಮರಳು ಶೇ 55ರಿಂದ 70. ಪ್ರಯೋಗಶಾಲೆ ಇಲ್ಲದ ಕಡೆ ಎರಡು ಪರೀಕ್ಷೆ ಸಾಕು. 2 ಸೆಂ.ಮೀ. ದಪ್ಪದ ನಾಲ್ಕು ಉಂಡೆ ಮಾಡಿ 48 ಗಂಟೆ ಒಣಗಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ಒಂದೂ ಒಡೆಯದಿದ್ದರೆ ಜೇಡಿ ಸಾಕಷ್ಟಿದೆ. ಆಮೇಲೆ 12 ಮಿ.ಮೀ. ದಪ್ಪದ ಸುರುಳಿ ಹೊಸೆದು, ಬೆರಳಲ್ಲಿ 4 ಮಿ.ಮೀ. ಪಟ್ಟಿಯಾಗಿ ಚಪ್ಪಟೆ ಮಾಡುತ್ತಾ ಕೈಯಿಂದ ಇಳಿಬಿಡಿ. 20 ಸೆಂ.ಮೀ. ದಾಟಿಯೂ ತುಂಡಾಗದಿದ್ದರೆ ಜೇಡಿ ಹೆಚ್ಚು, ಮರಳು ಸೇರಿಸಿ. 10 ಸೆಂ.ಮೀ. ಒಳಗೇ ತುಂಡಾದರೆ ಜೇಡಿ ಕಡಿಮೆ.

ಮಣ್ಣು ತರುವ ಜಾಗ ಇನ್ನೂ ಮುಖ್ಯ. ಆವರಣದೊಳಗಿನ ಮಣ್ಣು ಹತ್ತಿರ ಸಿಗುತ್ತದೆ, ಬಣ್ಣವೂ ಹೊಂದುತ್ತದೆ, ಆದರೆ ಉಪ್ಪು ತುಂಬಿದೆ. ಅದನ್ನು ಬಳಸಿದರೆ ರೋಗವನ್ನೇ ಮದ್ದಿನೊಂದಿಗೆ ಕೊಟ್ಟಂತೆ. ಉಪ್ಪಿಲ್ಲದ ಮಣ್ಣು, ಸಿಹಿನೀರು ಬೇಕು. ಕಲೆಸಿದ ಮಣ್ಣನ್ನು ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ ನೆನೆಯಲು ಬಿಟ್ಟರೆ ಜೇಡಿ ಕಣಕಣವೂ ಬಿಚ್ಚಿಕೊಳ್ಳುತ್ತದೆ. ಕುಗ್ಗುವಾಗ ಬಿರುಕು ಬಿಡದಂತೆ ಒಣಹುಲ್ಲು ಕತ್ತರಿಸಿ ಹಾಕುತ್ತಾರೆ. ಇಟ್ಟಿಗೆಯನ್ನು ಮೊದಲ ದಿನಗಳಲ್ಲಿ ನೆರಳಲ್ಲಿ ಒಣಗಿಸಬೇಕು, ಆಮೇಲೆ ಅಂಚಿಗೆ ನಿಲ್ಲಿಸಬೇಕು. ದೊಡ್ಡ ಇಟ್ಟಿಗೆಗೆ ನಾಲ್ಕು ವಾರ ಹಿಡಿಯುತ್ತದೆ.

ಕಟ್ಟುವಾಗ ಹಳೆ ಮೈಗೆ ಪಿಚಕಾರಿಯಿಂದ ತುಂತುರು ಮಾತ್ರ. ಕೆಳಗಿನಿಂದ ಮೇಲೆ ಬರುತ್ತಾ, ಕೊನೆಯ ವರಸೆ ಮತ್ತು ಹಳೆ ಗೋಡೆಯ ನಡುವಿನ ಸಂದಿಗೆ ಕಡಿಮೆ ನೀರಿನ ಗಟ್ಟಿ ಮಣ್ಣನ್ನು ಕೋಲಿನಿಂದ ಗಿಡಿದು ತುಂಬಬೇಕು, ಭಾರ ಇಳಿಯುವುದು ಅಲ್ಲೇ. ಹೊಸ ಮೈಯನ್ನು ಮೂಲ ಮೈಗಿಂತ ಸ್ವಲ್ಪ ಒಳಗಿಟ್ಟರೆ ಯಾವುದು ಹಳತು, ಯಾವುದು ದುರಸ್ತಿ ಎಂದು ನೋಡುವವರಿಗೆ ಗೊತ್ತಾಗುತ್ತದೆ. ಮೇಲೆ ಮರಳು ಹೆಚ್ಚಿರುವ ಸಡಿಲ ಮಣ್ಣಿನ ಸಾರಣೆ. ಉಪ್ಪು ಬಂದು ಕೂರಬೇಕಾದ್ದು ಈ ಸಾರಣೆಯಲ್ಲಿ. ಅದು ಉದುರಿದಾಗ ಬೇಸರಪಡುವಂತಿಲ್ಲ, ಕೆರೆದು ತೆಗೆದು ಹೊಸದು ಬಳಿಯಬೇಕು.

---

ಕಡಲಗಾಳಿ:

ಬುಡದ ಬಗ್ಗೆ ಮಣ್ಣುಗೋಡೆ ಅವರು ಹೇಳಿದ್ದೆಲ್ಲ ಸರಿ. ಆದರೂ ಮಳೆಯನ್ನು ಅಷ್ಟು ಹಗುರ ಮಾಡುವುದನ್ನು ನಾನು ಒಪ್ಪುವುದಿಲ್ಲ. 1925, 1982–83, 1997–98, 2017ರ ಎಲ್ ನಿನ್ಯೊಗಳು, 2023ರ ಯಾಕು ಚಂಡಮಾರುತ, ಒಂದೊಂದೂ ಕೆಲವೇ ದಿನಗಳಲ್ಲಿ ವರ್ಷಗಳ ಹಾನಿ ಮಾಡಬಲ್ಲವು.

ಈ ಭಯ ಚಿಮೂ ಜನರಿಗೂ ಇತ್ತು. ಚಾನ್ ಚಾನ್ ಮಗ್ಗುಲಲ್ಲೇ ಇರುವ ವಾಂಚಾಕಿತೊದಲ್ಲಿ ಸುಮಾರು 1450ರಲ್ಲಿ ಬಲಿಕೊಟ್ಟ 140ರಷ್ಟು ಮಕ್ಕಳ, 200ಕ್ಕೂ ಹೆಚ್ಚು ಲಾಮಾ ಪ್ರಾಣಿಗಳ ಅವಶೇಷ ಸಿಕ್ಕಿದೆ. ಹೂತ ಜಾಗದಲ್ಲಿ ಒಣ ಮರಳಿನ ಮೇಲೆ ದಪ್ಪ ಕೆಸರಿನ ಪದರವಿದೆ. ಅಂದರೆ ಆ ಹೊತ್ತಿಗೆ ಭಾರೀ ಮಳೆ, ಪ್ರವಾಹ ಬಂದಿತ್ತು. ಆ ಬಲಿಗೂ ಆ ಮಳೆಗೂ ಸಂಬಂಧವಿದೆ ಎಂದು ಅಗೆತ ಮಾಡಿದ ತಂಡ ವಾದಿಸುತ್ತದೆ.

ಕೆಲಸದ ಮಟ್ಟಿಗೆ ಹೇಳುವುದಾದರೆ, ಮಳೆ ಮುನ್ಸೂಚನೆ ಬಂದಾಗ ಗೋಡೆಯ ನೆತ್ತಿಯೇ ಮೊದಲ ಆದ್ಯತೆ. ನೆತ್ತಿಯಲ್ಲಿ ಸಣ್ಣ ತಗ್ಗಿದ್ದರೂ ನೀರು ಅಲ್ಲಿ ಕೂಡಿ ಒಂದೇ ಜಾಡಿನಲ್ಲಿ ಇಳಿಯುತ್ತದೆ, ಗಂಟೆಗಳಲ್ಲಿ ಮೈಮೇಲೆ ಕೊರಕಲು ಬೀಳುತ್ತದೆ. ಅದಕ್ಕೆ ನೆತ್ತಿಯ ಮೇಲೆ ಹುಲ್ಲುಮಣ್ಣಿನ ಮುಚ್ಚಿಗೆ ಹಾಕಿ ಇಳಿಜಾರು ಕೊಡುತ್ತಾರೆ, ಚಿತ್ತಾರ ಇರುವ ಮೈಗೆ ವಿರುದ್ಧ ದಿಕ್ಕಿಗೆ.

ಎರಡನೆಯದು ತಾತ್ಕಾಲಿಕ ಚಾವಣಿ. ಸೂರು ಗೋಡೆಯಿಂದ ಸಾಕಷ್ಟು ಹೊರಚಾಚಿರಬೇಕು, ಇಲ್ಲದಿದ್ದರೆ ತೊಟ್ಟಿಕ್ಕುವ ನೀರು ನೇರ ಬುಡಕ್ಕೆ ಬಿದ್ದು ಮಣ್ಣುಗೋಡೆ ಅವರು ಹೇಳಿದ ಪೊಟರೆಯನ್ನು ಇನ್ನೂ ಬೇಗ ಮಾಡುತ್ತದೆ. ಕಂಬದ ಗುಂಡಿ ತೋಡುವುದಕ್ಕೂ ಪುರಾತತ್ವದವರು ನಿಂತು ನೋಡಬೇಕು, ಕಾಲ ಕೆಳಗೇ ಹಳೆ ನೆಲಗಟ್ಟು ಇರುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೇ ಸುತ್ತಬಾರದು. ಒಳಗೆ ಬೆವರು ಕಟ್ಟಿ ಉಪ್ಪು ಕರಗಿ ಮೈಗೆ ಬರುತ್ತದೆ, ಗಾಳಿಗೆ ಹಾಳೆ ಬಡಿದು ಸಾರಣೆ ಕಿತ್ತು ಬರುತ್ತದೆ. ಜೊಂಡಿನ ಚಾಪೆಯನ್ನು ಚೌಕಟ್ಟಿಗೆ ಕಟ್ಟಿ ಗೋಡೆಯಿಂದ ದೂರ ನಿಲ್ಲಿಸಿದರೆ ಗಾಳಿ ಆಡುತ್ತದೆ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಅಂಗಳದಲ್ಲಿ ನಿಲ್ಲುವ ನೀರು. ಈ ಆವರಣಗಳು ಸುತ್ತಲೂ ಮುಚ್ಚಿದ ತೊಟ್ಟಿಗಳು, ಮಳೆನೀರಿಗೆ ಹೊರದಾರಿ ಇಲ್ಲ. ನಾಲ್ಕು ಬೆರಳು ನೀರು ರಾತ್ರಿಯಿಡೀ ಬುಡಕ್ಕೆ ತಾಗಿ ನಿಂತರೆ ಒಣಗಿದ್ದಾಗ ಬಂಡೆಯಂತಿದ್ದ ಇಟ್ಟಿಗೆ ಮೆತ್ತಗಾಗಿ ಭಾರಕ್ಕೆ ಕುಸಿಯುತ್ತದೆ. ಅದಕ್ಕೆ ಮಳೆಗಾಲಕ್ಕೆ ಮುಂಚೆಯೇ ಅಂಗಳದ ತಗ್ಗು ಎಲ್ಲಿದೆ ಎಂದು ಮಟ್ಟ ತೆಗೆದು, ಪಂಪು, ಕೊಳವೆ, ಡೀಸೆಲ್ ಅಲ್ಲೇ ಸಿದ್ಧ ಇಡಬೇಕು. ಮಳೆ ಬಿದ್ದಮೇಲೆ ಟೆಂಡರ್ ಕರೆದು ಪಂಪು ತರುವುದರಲ್ಲಿ ಅರ್ಥವಿಲ್ಲ.

---

ಆಂಡೀಸ್ ಓದುಗ:

ಅಪಾಯದ ಪಟ್ಟಿಯ ಪ್ರಶ್ನೆಗೆ ಈಗ ಬರಬಹುದು. ಹಂಪಿಯಲ್ಲಿ ಆಕ್ಷೇಪ ಇದ್ದದ್ದು ನಿರ್ದಿಷ್ಟ ಸೇತುವೆಗಳಿಗೆ, ಆಮೇಲೆ ಸಮಗ್ರ ನಿರ್ವಹಣಾ ಯೋಜನೆಗೆ ಒತ್ತಾಯ ಬಂತು. ಚಾನ್ ಚಾನ್‌ನಲ್ಲಿ ವಸ್ತುವೇ ಕರಗುವ ಸ್ವಭಾವದ್ದು, ಜೊತೆಗೆ ಜಾಗದ ಜಗಳ. ಟ್ರುಹಿಯೊದಿಂದ ಕಡಲತೀರದ ಊರು ವಾಂಚಾಕೊಗೆ ಹೋಗುವ ಹೆದ್ದಾರಿ ಈ ಹಳೆ ನಗರವನ್ನು ಸೀಳಿಕೊಂಡೇ ಸಾಗುತ್ತದೆ. ಒಳಗೆ ಅಕ್ರಮ ಬೇಸಾಯ, ಕಸ ಸುರಿಯುವುದು ಎರಡೂ ಇದ್ದವು. ಬೇಸಾಯಕ್ಕೆ ಹಾಯಿಸುವ ನೀರು ಬುಡದ ತೇವಕ್ಕೆ ಕೂಡುತ್ತದೆ, ಟ್ರ್ಯಾಕ್ಟರು ಮಣ್ಣಡಿಯ ಗೋಡೆಗಳನ್ನು ಸವರಿಹಾಕುತ್ತದೆ. 2000ದಲ್ಲಿ ಸಮಗ್ರ ಯೋಜನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. 2004ರಲ್ಲಿ ಸಂಸತ್ತು 28261ನೇ ಕಾನೂನು ಮಾಡಿ ಚಾನ್ ಚಾನ್ ರಕ್ಷಣೆಯನ್ನು ರಾಷ್ಟ್ರದ ಆದ್ಯತೆ ಎಂದು ಸಾರಿತು. 2006ರಲ್ಲಿ ಪ್ರತ್ಯೇಕ ವಿಶೇಷ ಯೋಜನಾ ಘಟಕ ಶುರುವಾಯಿತು. ಒತ್ತುವರಿ ತೆರವು ಮಾತ್ರ ಕಾಗದಕ್ಕಿಂತ ನಿಧಾನ.

ಕೌಶಲದ ದೃಷ್ಟಿಯಿಂದ ಚಾನ್ ಚಾನ್ ಜಗತ್ತಿಗೇ ಶಾಲೆಯಾಯಿತು ಎಂಬುದನ್ನೂ ಹೇಳಬೇಕು. 1996 ಮತ್ತು 1999ರಲ್ಲಿ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆ, ಪರಂಪರೆ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಇಕ್ರೋಮ್, ಮಣ್ಣಿನ ಕಟ್ಟಡಗಳ ಫ್ರೆಂಚ್ ಕೇಂದ್ರ ಕ್ರಾಟೆರ್ ಮತ್ತು ಪೆರುವಿನ ಸಂಸ್ಕೃತಿ ಇಲಾಖೆ ಸೇರಿ ಮಣ್ಣಿನ ಪರಂಪರೆಯ ಸಂರಕ್ಷಣೆ ಕುರಿತ ಅಖಿಲ ಅಮೆರಿಕ ತರಬೇತಿಯನ್ನು ಇಲ್ಲೇ ನಡೆಸಿದವು.

---

ಕೋಟೆಕೊತ್ತಲ:

ಇಷ್ಟೆಲ್ಲ ಕಷ್ಟವಿದ್ದರೆ ಚಿತ್ತಾರಗಳಿಗೆ ರಾಸಾಯನಿಕ ಬಳಿದು ಗಟ್ಟಿ ಮಾಡಬಾರದೇಕೆ? ಇನ್ನೊಂದು, ಕಳ್ಳಿ ಲೋಳೆ ಬಳಸುತ್ತಾರೆ ಎಂದು ಓದಿದ್ದೆ, ಅದು ನಿಜವೇ?

---

ಮಣ್ಣುಗೋಡೆ:

ಈಥೈಲ್ ಸಿಲಿಕೇಟ್ ಎಂಬ, ಮೈ ಗಟ್ಟಿ ಮಾಡುವ ದ್ರವ ಬಳಸಿದ್ದಾರೆ. ರಂಧ್ರ ಮುಚ್ಚದೆ ಕಣಗಳನ್ನು ಬೆಸೆಯುತ್ತದೆ, ಒದ್ದೆಯಾದರೂ ಮೈ ಕರಗುವುದಿಲ್ಲ, ಅಷ್ಟು ಒಳ್ಳೆಯದು. ಹಿಂದೆ ತೇವ, ಉಪ್ಪು ಉಳಿದಿದ್ದರೆ ಮಾತ್ರ ಗಟ್ಟಿಯಾದ ಮೈ ಒಂದು ಪದರವಾಗಿ ಕಳಚುತ್ತದೆ, ಅದರ ಜೊತೆ ಚಿತ್ತಾರದ ಮೀನು, ಕಡಲಹಕ್ಕಿ, ಬಲೆಯ ಗೆರೆ ಎಲ್ಲವೂ ಹೋಗುತ್ತವೆ. ಒಮ್ಮೆ ಹೀರಿಸಿದ್ದನ್ನು ವಾಪಸ್ ತೆಗೆಯಲಾಗದು. ಒಣ ಗೋಡೆಗೆ, ಮೇಲೆ ಚಾವಣಿ ಇದ್ದಾಗ, ಚಿಕ್ಕ ಭಾಗದಲ್ಲಿ ಪರೀಕ್ಷಿಸಿದ ಮೇಲೆ ಸರಿ. ಬೇರೆ ಕಡೆ ಬೇಡ.

ಕಳ್ಳಿ ಲೋಳೆ ನಿಜ. ನಮ್ಮ ಪಾಪಾಸುಕಳ್ಳಿಯ ಜಾತಿಯದ್ದೇ ಗಿಡ. ಹಾಳೆಗಳ ಮುಳ್ಳು ತೆಗೆದು ಕೊಚ್ಚಿ, ನೀರಲ್ಲಿ ಒಂದೆರಡು ವಾರ ನೆನೆಹಾಕಿ, ಎತ್ತಿದರೆ ದಾರದಂತೆ ಇಳಿಯುವ ಹದಕ್ಕೆ ಬಂದಮೇಲೆ ಸೋಸಿ, ಸಾರಣೆ ಮಣ್ಣು ಕಲೆಸಲು ನೀರಿನ ಬದಲು ಅದನ್ನೇ ಹಾಕುತ್ತಾರೆ. ವಾಸನೆ ಜೋರು. ಬಿರುಕು ಕಡಿಮೆ, ತುಂತುರು ಮಳೆಗೆ ತಡೆಯುತ್ತದೆ. ಎಲ್ ನಿನ್ಯೊ ಮಳೆಗೆ ಅದೊಂದನ್ನೇ ನಂಬುವಂತಿಲ್ಲ, ಮತ್ತೆ ಮತ್ತೆ ಬಳಿಯಬೇಕು. ಮೂಲ ಚಿತ್ತಾರದ ಮೇಲಲ್ಲ, ನಾವು ಹಾಕಿದ ಮುಚ್ಚಿಗೆಯ ಮೇಲೆ.

---

ಕಡಲಗಾಳಿ:

ಚಿತ್ತಾರಕ್ಕೆ ಇವೆಲ್ಲಕ್ಕಿಂತ ಭದ್ರವಾದದ್ದು ಮತ್ತೆ ಹೂಳುವುದು. ಆಂಡೀಸ್ ಓದುಗರು ಹೇಳಿದ ಮರದ ವಿಗ್ರಹಗಳು ಉಳಿದದ್ದು ಹಾಗೆಯೇ. ದಾಖಲೆ ಮಾಡಿ, ಫೋಟೊ ಮತ್ತು ಮೂರು ಆಯಾಮದ ಅಳತೆ ತೆಗೆದು, ಚಿತ್ತಾರದ ಮುಂದೆ ಉಸಿರಾಡುವ ಬಟ್ಟೆಪದರ ಇಟ್ಟು, ಉಪ್ಪಿಲ್ಲದ ಜರಡಿ ಮರಳನ್ನು ತೆಳು ತೆಳು ಪದರವಾಗಿ ತುಂಬಿ, ಮೇಲ್ಮೈಗೆ ಇಳಿಜಾರು ಕೊಡುವುದು. ಪ್ಲಾಸ್ಟಿಕ್ ಹಾಳೆ ಇಟ್ಟರೆ ಹೂಳಿದ ಲಾಭವೇ ಹೋಗುತ್ತದೆ. ಒಂದು ಬದಿ ಮಾತ್ರ ತುಂಬಿ ಇನ್ನೊಂದು ಬದಿ ಖಾಲಿ ಬಿಟ್ಟರೆ ಮರಳಿನ ಒತ್ತಡಕ್ಕೆ ಗೋಡೆ ವಾಲುತ್ತದೆ, ಎರಡೂ ಬದಿ ಸಮನಾಗಿ ಏರಿಸಬೇಕು.

ಪ್ರವಾಸಿಗಳಿಗೆ ನಿಕ್ ಆನ್‌ನಲ್ಲಿ ಕಾಣುವ ಗೋಡೆಗಳಲ್ಲಿ 1960ರ ದಶಕದಿಂದ ಈಚೆಗೆ ಮರುಕಟ್ಟಿದ ಭಾಗ ಬಹಳ ಇದೆ. ಆ ಕಾಲದ ಮರುನಿರ್ಮಾಣ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಹೊಸ ಅಗೆತಕ್ಕೆ ಹಣ ಬಿಡುಗಡೆ ಮಾಡುವ ಮೊದಲು, ತೆರೆದ ಪ್ರತಿ ಮೀಟರ್ ಗೋಡೆಯ ಮುಂದಿನ ನಿಗಾಕ್ಕೆ ಆಳು, ಮಣ್ಣು, ಚಾವಣಿ ಬಜೆಟ್‌ನಲ್ಲಿ ಇದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ಅಗೆಯದೆ ಬಿಡಬೇಕು, ಅಗೆದಿದ್ದರೆ ಆ ಋತುವಿನಲ್ಲೇ ಮುಚ್ಚಬೇಕು.